ಸತ್ತ ಲಿಂಕನ್ನು ಅಳಿಸುವ ಮುನ್ನ

ಮಂಗಳೂರಿನ ಸಂಶೋಧನಾ ವಿದ್ಯಾರ್ಥಿಗಳಿಗೆ, ವಿಕಿಪೀಡಿಯದಲ್ಲಿ ಬರೆಯುವವರಿಗೆ, ಯಕ್ಷಗಾನ, ಭೂತಾರಾಧನೆ, ಊರ ಚರಿತ್ರೆಗಳ ಬೆನ್ನು ಹತ್ತಿದ ಹವ್ಯಾಸಿಗಳಿಗೆ, ಬ್ರೌಸರಿನಲ್ಲಿ ಲಿಂಕು ಕೂಡಿಟ್ಟು ಕೂಡಿಟ್ಟು ಈಗ ಅದರೊಳಗೆ ಬೇಕಾದ್ದು ಸಿಗದೆ ಕೂತಿರುವ ಎಲ್ಲರಿಗೆ,



2020ರ ಏಪ್ರಿಲ್ 1ರಂದು ಊರಿಡೀ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಕರಾವಳಿಯ ಎರಡು ಬ್ಯಾಂಕುಗಳು ಲೆಕ್ಕಪತ್ರದಿಂದ ಮಾಯವಾದವು. ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಮಣಿಪಾಲದ ಸಿಂಡಿಕೇಟ್ ಬ್ಯಾಂಕು, 1906ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನೊಳಗೆ ಸೇರಿತು. ಸರಿಯಾಗಿ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು, 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತ್ತು. ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಕೋಡು ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು. ಇವೆಲ್ಲವನ್ನೂ ಜನ ಗಮನಿಸಿದರು, ಬೇಸರವನ್ನೂ ಪಟ್ಟರು. ಅಷ್ಟಾಗಿ ಯಾರ ಕಣ್ಣಿಗೂ ಬೀಳದೆ ಹೋದದ್ದು ಇನ್ನೊಂದು ಬದಲಾವಣೆ. ನೆಟ್‌ಬ್ಯಾಂಕಿಂಗ್‌ಗೆಂದು ಮನೆಮನೆಯ ಕಂಪ್ಯೂಟರಿನಲ್ಲಿ ನಕ್ಷತ್ರದ ಗುರುತು ಒತ್ತಿ ಇಟ್ಟುಕೊಂಡಿದ್ದ ಮೂರು ಬ್ಯಾಂಕುಗಳ ವಿಳಾಸಗಳು ಮುಂದಿನ ತಿಂಗಳುಗಳಲ್ಲಿ ಒಂದೊಂದಾಗಿ ಬಳಕೆ ತಪ್ಪಿದವು.

ಉಳಿದ ಬ್ಯಾಂಕುಗಳ ವಿಳಾಸವಾದರೂ ನಿಂತಿತೇ? ಅದೂ ಇಲ್ಲ. ನಕಲಿ ಬ್ಯಾಂಕ್ ಜಾಲತಾಣಗಳ ಹಾವಳಿಗೆ ತಡೆ ಹಾಕಲು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ದೇಶದ ಬ್ಯಾಂಕುಗಳೆಲ್ಲ ಅದೇ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕೆಂದು ಹೇಳಿತು. ಅಂದರೆ ಕೆನರಾ ಬ್ಯಾಂಕಿನದ್ದಿರಲಿ, 1924ರಿಂದ ಇದೇ ಊರಿನಲ್ಲಿರುವ ಕರ್ಣಾಟಕ ಬ್ಯಾಂಕಿನದ್ದಿರಲಿ, 2025ಕ್ಕಿಂತ ಹಿಂದೆ ಉಳಿಸಿಟ್ಟ ಬುಕ್‌ಮಾರ್ಕ್ ಈಗ ಹಳೆಯದು. ಹಳೆಯ ವಿಳಾಸ ಸದ್ಯಕ್ಕೆ ಹೊಸದರ ಕಡೆಗೆ ದಾರಿ ತೋರಿಸಬಹುದು, ನಾಳೆ ತೋರಿಸಲಿಕ್ಕಿಲ್ಲ. ಬುಕ್‌ಮಾರ್ಕ್ ಚೊಕ್ಕಟ ಮಾಡಲು ಕೂತವರು ಮೊದಲು ಮುಟ್ಟಬೇಕಾದ್ದು ಈ ನಾಲ್ಕೈದು ಸಾಲುಗಳನ್ನು. ಹೊಸ ಪಾಸ್‌ಬುಕ್ಕಿನಲ್ಲೋ ಬ್ಯಾಂಕಿನಿಂದ ಈಚೆಗೆ ಬಂದ ಕಾಗದದಲ್ಲೋ ಅಚ್ಚಾದ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ಪುಟ ತೆರೆದ ಮೇಲೆ ಅದನ್ನೇ ಬುಕ್‌ಮಾರ್ಕ್ ಮಾಡಿ, ಹಳೆಯದನ್ನು ಅಳಿಸಬೇಕು. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹುಡುಕಿ ಮೇಲೆ ಬಂದ ಜಾಹೀರಾತನ್ನು ಒತ್ತುವುದಕ್ಕಿಂತ ಸರಿನೋಡಿ ಇಟ್ಟ ಒಂದು ಬುಕ್‌ಮಾರ್ಕ್ ಎಷ್ಟೋ ಸುರಕ್ಷಿತ. ಭೂಮಿ, ಕಾವೇರಿಯಂಥ ಸರ್ಕಾರಿ ಸೇವೆಗಳಿಗೂ ಇದೇ ಮಾತು. ನೋಂದಣಿ ಇಲಾಖೆ 2023ರಲ್ಲಿ ಕಾವೇರಿ 2.0ಕ್ಕೆ ಹೋದಾಗ ಅದರ ಬಾಗಿಲೂ ಬದಲಾಯಿತು.

ಇಷ್ಟು ಸುಲಭದ ಭಾಗ. ಸತ್ತದ್ದನ್ನು ತೆಗೆ, ಹೊಸದನ್ನು ಇಡು. ಬುಕ್‌ಮಾರ್ಕ್ ಸ್ವಚ್ಛಗೊಳಿಸುವ ಬಗ್ಗೆ ಎಲ್ಲಿ ಓದಿದರೂ ಸಿಗುವ ಸಲಹೆ ಇದೇ: ತೆರೆಯದ ಲಿಂಕುಗಳನ್ನು ಮೊದಲು ಕಿತ್ತೆಸೆಯಿರಿ. ಅದಕ್ಕೆಂದೇ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಿವೆ. ಸಾವಿರ ಲಿಂಕು ಒಂದೇ ಸಲ ಪರೀಕ್ಷಿಸಿ ಸತ್ತವನ್ನು ಕೆಂಪು ಬಣ್ಣದಲ್ಲಿ ತೋರಿಸಿ, ‘ಎಲ್ಲ ಅಳಿಸಲೇ?’ ಎಂದು ಕೇಳುತ್ತವೆ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಆ ಒಂದು ಗುಂಡಿಯನ್ನು ಒತ್ತಬೇಡಿ ಎನ್ನಲಿಕ್ಕೆ. ಬ್ಯಾಂಕು, ಕಚೇರಿ, ಟಿಕೆಟ್ಟಿನ ಲಿಂಕುಗಳ ಮಟ್ಟಿಗೆ ಆ ಸಲಹೆ ಸರಿ. ಓದಲೆಂದು, ಬರೆಯಲೆಂದು, ಉಲ್ಲೇಖಿಸಲೆಂದು ಕೂಡಿಟ್ಟವುಗಳ ಮಟ್ಟಿಗೆ ಅದು ತಲೆಕೆಳಗು. ನಿಮ್ಮ ಸಂಗ್ರಹದಲ್ಲಿ ಅತಿ ಬೆಲೆಬಾಳುವವು ಇವತ್ತು ತೆರೆಯದೆ ಇರುವ ಲಿಂಕುಗಳೇ ಇರಬಹುದು.

ಯಾಕೆಂದು ಹೇಳುವ ಮೊದಲು ಜಾಲದಲ್ಲಿ ಪುಟಗಳು ಹೇಗೆ ಸಾಯುತ್ತವೆ ನೋಡೋಣ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳ ಪೈಕಿ ಶೇ 38ರಷ್ಟು ಹತ್ತು ವರ್ಷ ಕಳೆಯುವುದರೊಳಗೆ ಇಲ್ಲವಾಗಿದ್ದವು. ಅದಕ್ಕೂ ಹತ್ತು ವರ್ಷ ಮೊದಲು ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕರು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಬರುವ ಲಿಂಕುಗಳನ್ನು ತೆರೆದು ನೋಡಿದ್ದರು. ಸುಮಾರು ಅರ್ಧದಷ್ಟು ಲಿಂಕುಗಳಲ್ಲಿ ತೀರ್ಪು ಹೇಳಿದ ವಿಷಯ ಇರಲಿಲ್ಲ. ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ ಎಂದು ಒಂದು ಬರಹ ಬರೆದು ಜಾಲತಾಣ ನಡೆಸುವವರಿಗೆ ಬುದ್ಧಿ ಹೇಳಿದ್ದರು. ಕೇಳಿದವರು ಕಡಿಮೆ.

ಕನ್ನಡ, ತುಳುಗಳ ಕೆಲಸ ಮಾಡುವವರಿಗೆ ಈ ಸಾವು ಇನ್ನೂ ಹತ್ತಿರದ್ದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯೇ? ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನು ಪ್ರತಿ ಬೇಕಾದವರೆಲ್ಲ ಒಂದು ಕಾಲದಲ್ಲಿ ತಡಕಾಡುತ್ತಿದ್ದದ್ದು ಅಲ್ಲಿ. ಪುಟಗಳು ಒಂದೊಂದಾಗಿ, ಕಂತುಕಂತಾಗಿ ತೆರೆಯುತ್ತಿದ್ದವು; ಇಡೀ ಪುಸ್ತಕ ಇಳಿಸಿಕೊಳ್ಳಲು ಜನ ನಾನಾ ಉಪಾಯ ಹೂಡುತ್ತಿದ್ದರು. 2017ರಲ್ಲಿ ಹಕ್ಕುಸ್ವಾಮ್ಯದ ಕಾರಣಕ್ಕೆ ಅದು ಜಾಲದಿಂದ ಇಳಿಯಿತು. ಅದರ ಮೂರು ನಾಲ್ಕು ಬಗೆಯ ವಿಳಾಸಗಳಿಗೆ ಕೂಡಿಟ್ಟಿದ್ದ ಬುಕ್‌ಮಾರ್ಕ್‌ಗಳೆಲ್ಲ ಒಮ್ಮೆಲೇ ಕುರುಡಾದವು. ಪುಣ್ಯಕ್ಕೆ ಅಮೆರಿಕದ ಕಾರ್ಲ್ ಮಲಮುದ್ ಎಂಬವರು ಅದಕ್ಕೆ ಮೊದಲೇ ಆ ಪುಸ್ತಕಗಳ ದೊಡ್ಡ ಪಾಲನ್ನು ಇಂಟರ್ನೆಟ್ ಆರ್ಕೈವ್ ಎಂಬ ಜಾಲಭಂಡಾರಕ್ಕೆ ಏರಿಸಿದ್ದರು. ಪುಸ್ತಕ ಈಗಲೂ ಸಿಗುತ್ತದೆ, ವಿಳಾಸ ಬೇರೆ. ಹಳೆಯ ಬುಕ್‌ಮಾರ್ಕ್‌ನ ಹೆಸರಿನಲ್ಲಿ ಪುಸ್ತಕದ ಶೀರ್ಷಿಕೆಯೋ, ವಿಳಾಸದ ಬಾಲದಲ್ಲಿ ಪುಸ್ತಕದ ಸಂಖ್ಯೆಯೋ ಉಳಿದಿದ್ದರೆ ಹುಡುಕಲು ಅದೇ ಆಧಾರ.

ಹೀಗೆಯೇ ಕರ್ನಾಟಕ ಸರ್ಕಾರದ ‘ಕಣಜ’ ಜ್ಞಾನಕೋಶ ತನ್ನ ಮೊದಲ ಚಿಕ್ಕ ವಿಳಾಸ ಬಿಟ್ಟು ಸರ್ಕಾರದ ಡೊಮೈನಿನ ಅಡಿಗೆ ಬಂತು. ದ್ರಾವಿಡ ಭಾಷೆಗಳ ಪದಮೂಲ ನೋಡಲು ತುಳು ಸಂಶೋಧಕರು ದಿನಾ ತೆರೆಯುವ ಬರೋ–ಎಮೆನೋ ನಿಘಂಟು ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿದೆ. ಕೆಲವು ವರ್ಷ ಅದರ ವಿಳಾಸದಲ್ಲಿ ಸರ್ವರಿನ ಸಂಖ್ಯೆಯೇ ಸೇರಿಕೊಂಡಿತ್ತು. ಸರ್ವರು ಬದಲಾದಾಗ ಲಿಂಕೂ ಬದಲಾಯಿತು. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಸ್ವತಂತ್ರವಾಗುವವರೆಗೆ ವರ್ಷಗಟ್ಟಲೆ ವಿಕಿಮೀಡಿಯದ ‘ಇನ್‌ಕ್ಯುಬೇಟರ್’ನಲ್ಲಿ ಬೆಳೆಯಿತು. ಆ ಹೊತ್ತಿನಲ್ಲಿ ಬರೆದವರು ಕೂಡಿಟ್ಟ ಲಿಂಕುಗಳಲ್ಲೆಲ್ಲ ಪುಟದ ಹೆಸರಿಗೆ ಮೊದಲು ಒಂದು ಪೂರ್ವಪ್ರತ್ಯಯ. ಮಗು ತೊಟ್ಟಿಲಿಳಿದ ದಿನ ಪುಟಗಳೆಲ್ಲ ಹೊಸ ಮನೆಗೆ ಹೋದವು.

ಇನ್ನೊಂದು ಬಗೆಯ ಸಾವಿದೆ, ಅದು ಕನ್ನಡದಂಥ ಭಾಷೆಗಳಿಗೆ ವಿಶೇಷ ಎನ್ನಬಹುದಾದ್ದು. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಶುರುಮಾಡಿದಾಗಿನಿಂದ ಮುಂದಿನ ಒಂದು ದಶಕ, ಕನ್ನಡದ ಪುಟಗಳು ಯುನಿಕೋಡ್‌ನಲ್ಲಿ ಇರುತ್ತಿದ್ದದ್ದು ಅಪರೂಪ. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಮುಂದೆ ಎಲ್ಲರ ಬೆರಳಿಗೂ ಒಗ್ಗಿತು, ಆದರೆ ಆ ಕೀಲಿಗಳಿಂದ ಮೂಡಿದ ಅಕ್ಷರಗಳನ್ನು ಕಂಪ್ಯೂಟರಿನೊಳಗೆ ಹೇಗೆ ಇಡಬೇಕೆಂಬ ಒಮ್ಮತ ಬರಲು ಬಹಳ ಕಾಲ ಹಿಡಿಯಿತು. ಆ ಕಾಲದ ಪುಟ ಇವತ್ತು ತೆರೆದರೂ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬುಕ್‌ಮಾರ್ಕ್ ಪಟ್ಟಿಯಲ್ಲಿ ಅದರ ಹೆಸರೂ ಹಾಗೇ ಇರುತ್ತದೆ. ನೋಡಿದವರು ಇದೇನೋ ವೈರಸ್ಸು ಎಂದು ಅಳಿಸಿಬಿಡುತ್ತಾರೆ. ಅಳಿಸಬೇಡಿ ಮಾರಾಯ್ರೆ! ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆ ಕಲಸುಮೇಲೋಗರವನ್ನು ಅಲ್ಲಿ ಅಂಟಿಸಿದರೆ, ಫಾಂಟು ಹೊಂದಿದಲ್ಲಿ, ಒಳಗಿಂದ ಶುದ್ಧ ಕನ್ನಡ ಹೊರಬರುತ್ತದೆ.

ಈಗ ಮುಖ್ಯ ಮಾತು. ಬ್ರೂಸ್ಟರ್ ಕಾಲ್ 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಇಂಟರ್ನೆಟ್ ಆರ್ಕೈವ್, ಜಾಲದ ಪುಟಗಳ ನಕಲು ತೆಗೆದಿಡುತ್ತ ಬಂದಿದೆ. 2001ರಲ್ಲಿ ಆ ನಕಲುಗಳನ್ನು ‘ವೇಬ್ಯಾಕ್ ಮಷೀನ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಸೇರಿದ ಪುಟಗಳು ಒಂದು ಲಕ್ಷ ಕೋಟಿ. ಇಷ್ಟು ದೊಡ್ಡ ಭಂಡಾರಕ್ಕೆ ಒಂದು ಕೊರತೆ ಇದೆ. ಪುಟದ ಒಳಗಿನ ಮಾತು ಕೊಟ್ಟು ಹುಡುಕಲು ಅಲ್ಲಿ ಬರುವುದಿಲ್ಲ. ‘ಬಪ್ಪನಾಡು ಡೋಲು’ ಎಂದು ಬರೆದರೆ ಅದರ ಬಗ್ಗೆ ಹತ್ತು ವರ್ಷದ ಹಿಂದೆ ಓದಿದ ಬ್ಲಾಗ್ ಬರಹ ಬಂದು ನಿಲ್ಲುವುದಿಲ್ಲ. ಆ ಪುಟದ ವಿಳಾಸವನ್ನೇ ಕೊಡಬೇಕು, ಅಕ್ಷರ ತಪ್ಪದೆ ಕೊಡಬೇಕು. ಪುಟ ಸತ್ತಿದೆ, ಬರೆದವರು ಎಲ್ಲಿದ್ದಾರೋ, ಗೂಗಲ್ ಅದನ್ನು ಮರೆತಿದೆ. ವಿಳಾಸ ಉಳಿದಿರುವುದು ಎಲ್ಲಿ? ನಿಮ್ಮ ಬ್ರೌಸರಿನಲ್ಲಿ, ನೀವು ಅಳಿಸಲು ಹೊರಟ ಕೆಂಪು ಸಾಲಿನಲ್ಲಿ.

ಇದು ಬರೀ ಊಹೆಯಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಒಂದು ಲೆಕ್ಕ ಕೊಟ್ಟಿತು. ಬೇರೆ ಬೇರೆ ಭಾಷೆಗಳ ವಿಕಿಪೀಡಿಯಗಳ ಅಡಿಟಿಪ್ಪಣಿಗಳಲ್ಲಿ ಮುರಿದುಬಿದ್ದಿದ್ದ 90 ಲಕ್ಷಕ್ಕೂ ಹೆಚ್ಚು ಲಿಂಕುಗಳನ್ನು ಹಳೆಯ ನಕಲುಗಳಿಗೆ ಜೋಡಿಸಿ ಮತ್ತೆ ಜೀವ ಕೊಡಲಾಗಿತ್ತು. ಬಹುಪಾಲು ಕೆಲಸ ಮಾಡಿದ್ದು ಒಂದು ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ. ಅದಕ್ಕೆ ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಲಿಂಕು ಸತ್ತಿತೆಂದು ಯಾರೂ ಅಡಿಟಿಪ್ಪಣಿಯಿಂದ ಅದನ್ನು ಅಳಿಸಿರಲಿಲ್ಲ. ವಿಕಿಪೀಡಿಯದಲ್ಲಿ ಸತ್ತ ಲಿಂಕು ಕಂಡರೆ ಗುರುತು ಹಾಕಬೇಕು, ತೆಗೆಯಬಾರದು ಎಂಬ ಪದ್ಧತಿ ಇದೆ. ಮಂಗಳೂರಿನಲ್ಲಿ ವಿಕಿ ಕೆಲಸ ಮಾಡುವವರಿಗೆ ಇದು ಗೊತ್ತು. ಆದರೆ ಅವರಲ್ಲೇ ಎಷ್ಟೋ ಮಂದಿ ತಮ್ಮ ಸ್ವಂತ ಬ್ರೌಸರಿನಲ್ಲಿ ಈ ಪದ್ಧತಿ ಪಾಲಿಸುವುದಿಲ್ಲ.

ಹಾಗಾದರೆ ಎಲ್ಲಿಂದ ತೊಡಗುವುದು? ಏನನ್ನೂ ಅಳಿಸುವ, ಸರಿಸುವ ಮೊದಲು ಇಡೀ ಸಂಗ್ರಹವನ್ನು ಒಂದು ಕಡತವಾಗಿ ಹೊರತೆಗೆಯುವುದರಿಂದ. ಕ್ರೋಮ್ ಇರಲಿ, ಫೈರ್‌ಫಾಕ್ಸ್ ಇರಲಿ, ಎಡ್ಜ್ ಇರಲಿ, ಬುಕ್‌ಮಾರ್ಕ್ ನಿರ್ವಹಣೆಯ ಪುಟದಲ್ಲಿ ‘ಎಕ್ಸ್‌ಪೋರ್ಟ್’ ಎಂಬುದಿದೆ. ಫೋನಿಗಿಂತ ಕಂಪ್ಯೂಟರಿನಲ್ಲಿ ಇದನ್ನು ಮಾಡುವುದು ವಾಸಿ. ಹೊರಬರುವ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಮೊದಲ ಸಾಲಿನಲ್ಲೇ ಒಂದು ಹಳೆಯ ಹೆಸರು ಸಿಗುತ್ತದೆ: ನೆಟ್‌ಸ್ಕೇಪ್. 1994ರಲ್ಲಿ ಬಂದ ಆ ಬ್ರೌಸರಿಗೆ 2008ರಲ್ಲಿ ಅದರ ಒಡೆಯರೇ ಕೊನೆ ಹಾಡಿದರು. ಅದು ಬುಕ್‌ಮಾರ್ಕ್ ಬರೆದಿಡಲು ಮಾಡಿದ ನಮೂನೆ ಮಾತ್ರ ಇವತ್ತಿಗೂ ಎಲ್ಲ ಬ್ರೌಸರುಗಳ ನಡುವಿನ ಸಾಮಾನ್ಯ ಭಾಷೆ. ಗೂಗಲ್‌ನ ಬ್ರೌಸರು ಹೊರಹಾಕುವ ಕಡತದ ತಲೆಯ ಮೇಲೂ ಆ ಸತ್ತ ಕಂಪನಿಯ ಹೆಸರಿದೆ ಎಂಬುದು ತಮಾಷೆಯ ಸಂಗತಿಯೇ.

ಆ ಕಡತದಲ್ಲಿ ಪ್ರತಿ ಲಿಂಕಿನ ಪಕ್ಕ ಹತ್ತು ಅಂಕಿಯ ಒಂದು ಸಂಖ್ಯೆ ಇರುತ್ತದೆ. ನೀವು ಅದನ್ನು ಉಳಿಸಿದ ಕ್ಷಣ ಅದು. 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿದ್ದು. 133ರಿಂದ ಶುರುವಾಗುವ ಸಂಖ್ಯೆ ಇದ್ದರೆ ಆ ಲಿಂಕು 2012ರ ಫೆಬ್ರವರಿ ಕೊನೆಗೂ ಜೂನ್ ನಡುಭಾಗಕ್ಕೂ ಮಧ್ಯೆ ಉಳಿಸಿದ್ದೆಂದು ತಿಳಿಯಬಹುದು. ಸಂಖ್ಯೆಯನ್ನು ತಾರೀಕಿಗೆ ಬದಲಿಸಿ ಕೊಡುವ ತಾಣಗಳು ಬೇಕಾದಷ್ಟಿವೆ. ಇದರ ಪ್ರಯೋಜನ ದೊಡ್ಡದು. ವೇಬ್ಯಾಕ್‌ನಲ್ಲಿ ಒಂದೇ ಪುಟದ ಹತ್ತಾರು ನಕಲುಗಳು ಇರುತ್ತವೆ, ಕೆಲವು ಪುಟ ಹಾಳಾದ ಮೇಲೆ ತೆಗೆದವು, ಕೆಲವು ಡೊಮೈನು ಯಾವುದೋ ಜೂಜಿನ ತಾಣದ ಪಾಲಾದ ಮೇಲೆ ತೆಗೆದವು. ನೀವು ಅದನ್ನು ಮೆಚ್ಚಿ ಉಳಿಸಿದ ದಿನಕ್ಕೆ ಹತ್ತಿರದ ನಕಲನ್ನು ತೆರೆದರೆ ಅವತ್ತು ಕಂಡದ್ದೇ ಕಾಣುವ ಸಂಭವ ಹೆಚ್ಚು.

ವಿಳಾಸದ ಬಾಲದ ಬಗ್ಗೆಯೂ ಸ್ವಲ್ಪ ನಿಗಾ ಬೇಕು. ಫೇಸ್‌ಬುಕ್ಕಿನಿಂದಲೋ ಮಿಂಚಂಚೆಯಿಂದಲೋ ಒತ್ತಿ ಬಂದ ಲಿಂಕಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಹಿಂದೆ ಮಾರುದ್ದ ಅಕ್ಷರಗಳು ಅಂಟಿಕೊಂಡಿರುತ್ತವೆ. ಯಾರು ಎಲ್ಲಿಂದ ಬಂದರೆಂದು ಜಾಹೀರಾತಿನವರು ಲೆಕ್ಕ ಇಡಲು ಹಾಕಿದ್ದು. ವೇಬ್ಯಾಕ್‌ನಲ್ಲಿ ಏನೂ ಸಿಗದಿದ್ದರೆ ಈ ಬಾಲ ಕತ್ತರಿಸಿ ಮತ್ತೆ ನೋಡಬೇಕು. (ಎಲ್ಲ ಪ್ರಶ್ನಾರ್ಥಕ ಚಿಹ್ನೆಯೂ ಕಸವಲ್ಲ. ಹಳೆಯ ತಾಣಗಳಲ್ಲಿ ಲೇಖನದ ಸಂಖ್ಯೆಯೇ ಅದರ ಹಿಂದಿರುತ್ತಿತ್ತು.) ಆಗಲೂ ಸಿಗದಿದ್ದರೆ ತಾಣದ ಹೆಸರಿನ ಕೊನೆಗೆ ಓರೆಗೆರೆ, ನಕ್ಷತ್ರ ಚಿಹ್ನೆ ಹಾಕಿದರೆ ಆ ತಾಣದಿಂದ ಆರ್ಕೈವ್ ಹಿಡಿದಿಟ್ಟ ವಿಳಾಸಗಳ ಪಟ್ಟಿಯೇ ತೆರೆಯುತ್ತದೆ. ಅದರಲ್ಲಿ ಕಣ್ಣಾಡಿಸುತ್ತ ಹೋದರೆ ಕೆಲವೊಮ್ಮೆ ಹುಡುಕಿದ್ದಕ್ಕಿಂತ ಒಳ್ಳೆಯದು ಸಿಗುತ್ತದೆ.

ಜೀವಂತ ಲಿಂಕುಗಳಿಗೆ ಬರೋಣ. ಅಲ್ಲಿ ಪ್ರಶ್ನೆ ಬೇರೆ: ಯಾವುದಕ್ಕೆ ನಕಲು ಬೇಕು? ದೊಡ್ಡ ವಿಶ್ವವಿದ್ಯಾಲಯ, ಗ್ರಂಥಾಲಯಗಳ ಪುಟಕ್ಕೆ ಆತುರವಿಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ಲಿನಲ್ಲಿ ಬಾಸೆಲ್ ಮಿಷನ್ ಕಾಲದ ಪುಸ್ತಕಗಳಿವೆ, ಕನ್ನಡ ಮತ್ತು ತುಳುವಿನವೂ ಸೇರಿ. ಅದನ್ನು ಕಾಯಲು ಒಂದು ಸಂಸ್ಥೆಯೇ ಇದೆ. ಆತುರ ಇರುವುದು ಒಬ್ಬರೇ ನಡೆಸುವ ತಾಣಗಳಿಗೆ. ಬಲ್ಮಠದ ಅತ್ರಿ ಬುಕ್ ಸೆಂಟರ್ 1975ರಿಂದ 2012ರವರೆಗೆ ಮಂಗಳೂರಿನ ಓದುಗರ ಅಡ್ಡೆಯಾಗಿತ್ತು. ಅಂಗಡಿ ಮುಚ್ಚಿದ ಮೇಲೂ ಜಿ.ಎನ್. ಅಶೋಕವರ್ಧನರು ಅದೇ ಹೆಸರಿನ ಜಾಲತಾಣದಲ್ಲಿ ಬರೆಯುತ್ತ ಬಂದರು. ಕಾಡು, ಬೆಟ್ಟ, ಸೈಕಲ್ಲು, ಯಕ್ಷಗಾನದ ಅನುಭವಗಳ ಜೊತೆಗೆ ತಂದೆ ಜಿ.ಟಿ. ನಾರಾಯಣ ರಾಯರ ಬರಹಗಳನ್ನೂ ಓದುಗರಿಗೆ ಉಚಿತವಾಗಿ ತೆರೆದಿಟ್ಟರು. ಇಂಥ ತಾಣ ನಿಂತಿರುವುದು ವರ್ಷವರ್ಷವೂ ಯಾರೋ ಒಬ್ಬರು ನೆನಪಿಟ್ಟು ಡೊಮೈನಿನ ಶುಲ್ಕ ಕಟ್ಟುವುದರಿಂದ. ಕರಾವಳಿಯ ಬಗ್ಗೆ ಇಂಥ ವೈಯಕ್ತಿಕ ತಾಣಗಳು, ಬ್ಲಾಗುಗಳು ನಿಮ್ಮ ಪಟ್ಟಿಯಲ್ಲಿ ಹತ್ತಾರು ಇದ್ದೇ ಇರುತ್ತವೆ. ಮೊದಲು ಅವುಗಳ ವಿಳಾಸವನ್ನು ವೇಬ್ಯಾಕ್‌ನ ‘ಸೇವ್ ಪೇಜ್ ನೌ’ ಪೆಟ್ಟಿಗೆಯಲ್ಲಿ ಅಂಟಿಸಿ. ಹಣ ಬೇಡ, ಖಾತೆಯೂ ಬೇಡ. ತೀರಾ ಬೇಕಾದ ಪುಟವನ್ನು ಪಿಡಿಎಫ್ ಮಾಡಿ ಸ್ವಂತ ಡಿಸ್ಕಿನಲ್ಲೂ ಇಟ್ಟುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆಯೇ ಸೈಬರ್ ದಾಳಿಯಾಗಿ ದಿನಗಟ್ಟಲೆ ಬಾಗಿಲು ಮುಚ್ಚಿತ್ತು. ಒಂದೇ ಕಡೆ ನಂಬಿ ಕೂರುವ ಕಾಲವಲ್ಲ.

ಇನ್ನು ಫೋಲ್ಡರು. ಚೊಕ್ಕಟ ಮಾಡುವುದೆಂದರೆ ಫೋಲ್ಡರು ಮಾಡುವುದೆಂದೇ ಹಲವರ ಎಣಿಕೆ. ‘ಯಕ್ಷಗಾನ’, ಅದರೊಳಗೆ ‘ತೆಂಕು’, ಅದರೊಳಗೆ ‘ಮೇಳಗಳು’, ಅದರೊಳಗೆ ಮತ್ತೊಂದು. ಎರಡು ದಿನ ಉತ್ಸಾಹ ಇರುತ್ತದೆ. ಮೂರನೆಯ ದಿನ ತೆಂಕುತಿಟ್ಟಿನ ಚೆಂಡೆಯ ಬಗ್ಗೆ ಕಾಸರಗೋಡಿನವರೊಬ್ಬರು ಬರೆದದ್ದು ಸಿಗುತ್ತದೆ. ಅದು ‘ತೆಂಕು’ವಿಗೋ ‘ವಾದ್ಯ’ಕ್ಕೋ ‘ಕಾಸರಗೋಡು’ವಿಗೋ ಎಂದು ಯೋಚಿಸುತ್ತ ಕೊನೆಗೆ ಎಲ್ಲಕ್ಕಿಂತ ಹೊರಗೆ ಬೀಳುತ್ತದೆ. ತೆರೆದಿರುವ ಟ್ಯಾಬುಗಳನ್ನೆಲ್ಲ ಒಂದೇ ಏಟಿಗೆ ಫೋಲ್ಡರಿಗೆ ತುಂಬುವ ಕಂಟ್ರೋಲ್–ಶಿಫ್ಟ್–ಡಿ ಎಂಬ ಕೀಲಿ ಬೇರೆ ಇದೆ. ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ 2’ ಎಂಬ ಸಂತಾನವೆಲ್ಲ ಅದರದ್ದೇ. ಮೂರೋ ನಾಲ್ಕೋ ಫೋಲ್ಡರು ಸಾಕು: ದಿನಬಳಕೆಯದ್ದು, ಸದ್ಯ ನಡೆದಿರುವ ಕೆಲಸದ್ದು, ಉಲ್ಲೇಖಕ್ಕೆ ಬೇಕಾದ್ದು, ಸತ್ತವು.

ಫೋಲ್ಡರಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಲಿಂಕಿಗೆ ನೀವೇ ಕೊಡುವ ಹೆಸರು. ಕ್ರೋಮಿನಲ್ಲಿ ಬುಕ್‌ಮಾರ್ಕ್ ಹುಡುಕಿದರೆ ಅದು ನೋಡುವುದು ಹೆಸರು ಮತ್ತು ವಿಳಾಸವನ್ನು ಮಾತ್ರ. ಪುಟದ ಒಳಗೆ ಏನಿದೆಯೆಂದು ಅದಕ್ಕೆ ಗೊತ್ತಿಲ್ಲ. ಈ ಊರಿನಲ್ಲಿ ಇದೊಂದು ದೊಡ್ಡ ತೊಡಕು. ಒಂದೇ ನಗರದ ಬಗ್ಗೆ ಬರೆದವರು ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎನ್ನುತ್ತಾರೆ. ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರವರೆಗೆ ಮ್ಯಾಂಗಲೋರ್, ಆಮೇಲೆ ಮಂಗಳೂರು. ಒಂದು ಹೆಸರು ಹುಡುಕಿದರೆ ಉಳಿದ ನಾಲ್ಕರವು ಬರುವುದಿಲ್ಲ. ವಿಳಾಸದಿಂದಲೂ ಸಹಾಯವಿಲ್ಲ. ಕನ್ನಡ ವಿಕಿಪೀಡಿಯದ ‘ಮಂಗಳೂರು’ ಪುಟದ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ ಆ ಒಂದು ಹೆಸರು 63 ಅಕ್ಷರ, ಶೇಕಡಾ ಚಿಹ್ನೆಗಳ ಸರಮಾಲೆಯಾಗುತ್ತದೆ. ಕನ್ನಡದ ಒಂದೊಂದು ಯುನಿಕೋಡ್ ಸಂಕೇತ ಮೂರು ಬೈಟು, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ. ‘ಮಂಗಳೂರು’ವಿನಲ್ಲಿ ಅಂಥ ಏಳು ಸಂಕೇತಗಳಿವೆ. ಆದ್ದರಿಂದ ಲಿಂಕು ಉಳಿಸುವಾಗಲೇ ಹೆಸರಿನ ಜಾಗದಲ್ಲಿ ಬೇಕಾದ ಪದಗಳನ್ನು ಸೇರಿಸಿ: ವಿಷಯ, ಊರು, ಬರೆದವರು, ವರ್ಷ. ಫೈರ್‌ಫಾಕ್ಸ್ ಬಳಸುವವರಿಗೆ ಟ್ಯಾಗ್ ಹಾಕುವ ಸೌಲಭ್ಯ ಬೇರೆಯೇ ಇದೆ. ವಿಳಾಸಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಒತ್ತಿ ಹುಡುಕಿದರೆ ಬುಕ್‌ಮಾರ್ಕ್‌ಗಳೊಳಗೆ ಮಾತ್ರ ಹುಡುಕುತ್ತದೆ. ಅಷ್ಟಕ್ಕಾಗಿಯೇ ಸಂಶೋಧನೆಯ ಕೆಲಸಕ್ಕೆ ಫೈರ್‌ಫಾಕ್ಸ್ ವಾಸಿ ಎಂದರೆ ತಪ್ಪಾಗದು.

ಅಳಿಸಲೇಬಾರದೆಂದು ಈ ಪತ್ರ ಹೇಳುತ್ತಿಲ್ಲ. ಪರೀಕ್ಷೆಯ ಫಲಿತಾಂಶ, ಆರ್‌ಟಿಸಿ, ರೈಲು ಟಿಕೆಟ್ಟಿನ ಮಧ್ಯದ ಪುಟಗಳನ್ನು ಉಳಿಸಿದ್ದರೆ ಅವು ಅರ್ಧ ಗಂಟೆಯಲ್ಲೇ ಸತ್ತಿರುತ್ತವೆ, ಎಂದೂ ಬದುಕುವುದೂ ಇಲ್ಲ. ಗೂಗಲ್ ಹುಡುಕಾಟದ ಫಲಿತಾಂಶದ ಪುಟ, ಒಂದೇ ಲಿಂಕಿನ ಐದು ಪ್ರತಿ, ಕೊಂಡು ಮುಗಿಸಿದ ಮಿಕ್ಸಿಯ ಬೆಲೆ ಹೋಲಿಕೆ, ಎರಡು ಸೆಕೆಂಡಿನಲ್ಲಿ ಹುಡುಕಿದರೆ ಮತ್ತೆ ಸಿಗುವ ಯಾವುದೇ ತಾಣದ ಮುಖಪುಟ, ಇವೆಲ್ಲ ಹೋಗಲಿ. ಜಾಲದಲ್ಲಿ ಜನ ಹೇಗೆ ಓಡಾಡುತ್ತಾರೆಂದು 1997ರಲ್ಲಿ ಲಿಂಡಾ ಟೌಶರ್ ಮತ್ತು ಸಾಲ್ ಗ್ರೀನ್‌ಬರ್ಗ್ ಅಳೆದಾಗ, ಭೇಟಿಗಳಲ್ಲಿ ಶೇ 58ರಷ್ಟು ಮೊದಲೇ ನೋಡಿದ ಪುಟಗಳಿಗೇ ಆಗಿದ್ದವು. ಆ ಹೊತ್ತಿಗೆ ಮತ್ತೆ ಹೋಗಲು ಬುಕ್‌ಮಾರ್ಕ್ ಒಂದು ದಾರಿಯಾಗಿತ್ತು. ಈಗ ವಿಳಾಸಪಟ್ಟಿಯಲ್ಲಿ ಎರಡಕ್ಷರ ಒತ್ತಿದರೆ ಬ್ರೌಸರೇ ನೆನಪಿಸುತ್ತದೆ.

ಲಿಂಕು ಕಾಯಲು ಹೊರಗಿನ ಸೇವೆಗಳನ್ನು ನಂಬಿದವರ ಕತೆ ಚಿಕ್ಕದು. 2003ರಲ್ಲಿ ಜೋಶುವಾ ಶಾಕ್ಟರ್ ಕಟ್ಟಿದ ‘ಡೆಲಿಷಿಯಸ್’ ಒಂದು ಕಾಲದಲ್ಲಿ ಜಗತ್ತಿನ ಬುಕ್‌ಮಾರ್ಕ್‌ಗಳ ಸಂತೆ. ಯಾಹೂ 2005ರಲ್ಲಿ ಕೊಂಡಿತು, ಆಮೇಲೆ ಕೈಯಿಂದ ಕೈಗೆ ದಾಟಿ 2017ರಲ್ಲಿ ಪ್ರತಿಸ್ಪರ್ಧಿ ‘ಪಿನ್‌ಬೋರ್ಡ್’ ಪಾಲಾಯಿತು. ಹೊಸದನ್ನು ಸೇರಿಸುವುದು ಅಲ್ಲಿಗೆ ನಿಂತಿತು. ಆಮೇಲೆ ಓದೋಣವೆಂದು ಲೇಖನ ಕೂಡಿಡುತ್ತಿದ್ದ ‘ಪಾಕೆಟ್’ ಅನ್ನು ಮೊಜಿಲ್ಲಾ 2025ರ ಜುಲೈ 8ರಂದು ಮುಚ್ಚಿತು. ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರ ಕೊನೆಗೆ ಬಂದ ಮೇಲೆ ಅದೇ ಹಲವರ ಬುಕ್‌ಮಾರ್ಕ್ ಪಟ್ಟಿ. ಫೋನು ಬದಲಿಸುವಾಗ ಬ್ಯಾಕಪ್ ತಪ್ಪಿದರೆ ಅದೂ ಹೋಯಿತು. ವಿದ್ಯಾರ್ಥಿಗಳಿಗೆ ಇನ್ನೊಂದು ಕಿವಿಮಾತು ಬೇಕು: ಕಾಲೇಜು ಕೊಟ್ಟ ಮಿಂಚಂಚೆ ಖಾತೆಯಲ್ಲಿ ಕ್ರೋಮ್ ಬಳಸುತ್ತಿದ್ದರೆ ನಿಮ್ಮ ಬುಕ್‌ಮಾರ್ಕ್‌ಗಳೂ ಆ ಖಾತೆಗೇ ಕಟ್ಟಿಕೊಂಡಿರುತ್ತವೆ. ಕೋರ್ಸು ಮುಗಿದು ಖಾತೆ ಮುಚ್ಚುವ ಮೊದಲು ಹೊರತೆಗೆದುಕೊಳ್ಳಿ.

ವೇಬ್ಯಾಕ್‌ಗೂ ಎಟುಕದ್ದಿದೆ. ಊರ ಚರಿತ್ರೆಯ ಚರ್ಚೆಗಳೆಲ್ಲ ಈಗ ಫೇಸ್‌ಬುಕ್ ಗುಂಪುಗಳಿಗೆ, ವಾಟ್ಸ್ಆ್ಯಪ್‌ಗೆ ಹೋಗಿವೆ. ಲಾಗಿನ್ ಕೇಳುವ ಪುಟವನ್ನು ಆರ್ಕೈವ್ ತೆರೆಯಲಾರದು. ಯೂಟ್ಯೂಬಿನ ತಾಳಮದ್ದಳೆಯ ಲಿಂಕು ಉಳಿಸಿದರೆ ಸಾಮಾನ್ಯವಾಗಿ ಉಳಿಯುವುದು ಶೀರ್ಷಿಕೆ, ವಿವರಣೆ ಅಷ್ಟೇ. ಆರು ಗಂಟೆಯ ಪ್ರಸಂಗ ಉಳಿಯದು. ಅಂಥ ಕಡೆ ಬರೆದವರನ್ನೋ ಚಾನೆಲ್ಲಿನವರನ್ನೋ ಕೇಳಿ ಒಂದು ಪ್ರತಿ ಪಡೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ಅದು ಸಾಧ್ಯವಾಗದಿದ್ದರೆ ಕಲಾವಿದರ ಹೆಸರು, ಪ್ರಸಂಗ, ಸ್ಥಳ, ದಿನಾಂಕ ಇಷ್ಟನ್ನಾದರೂ ಬುಕ್‌ಮಾರ್ಕ್‌ನ ಹೆಸರಿನಲ್ಲಿ ಬರೆದಿಡಿ. ವಿಡಿಯೊ ಹೋದರೂ ಆ ಕೂಟ ನಡೆದದ್ದಕ್ಕೆ ಒಂದು ಸಾಲು ಇರುತ್ತದೆ.

ಕೊನೆಗೆ ಒಂದು ಕೋರಿಕೆ. ಹೊರತೆಗೆದ ಕಡತವನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ತುಳು ವಿಕಿಪೀಡಿಯಕ್ಕೆ ಉಲ್ಲೇಖಗಳ ಬರ ಇದೆ. ನಿಮ್ಮ ಸತ್ತ ಲಿಂಕು ಮತ್ತು ಅದಕ್ಕೆ ಸಿಕ್ಕಿದ ವೇಬ್ಯಾಕ್ ವಿಳಾಸ, ಎರಡೂ ಸೇರಿದರೆ ಅಲ್ಲಿ ಒಂದು ಅಡಿಟಿಪ್ಪಣಿಯಾಗುತ್ತದೆ. ನಿಮ್ಮದೇ ವಿಷಯದಲ್ಲಿ ಕೆಲಸ ಮಾಡುತ್ತಿರುವ ಇನ್ನಿಬ್ಬರಿಗೆ ಕಳಿಸಿ, ವಿಭಾಗದ ಗ್ರಂಥಪಾಲಕರಿಗೆ ಒಂದು ಪ್ರತಿ ಕೊಡಿ. ಕಳಿಸುವ ಮುನ್ನ ಮಾತ್ರ ಒಮ್ಮೆ ಪೂರ್ತಿ ಓದಿ ನೋಡಿ. ಬ್ಯಾಂಕು, ಆಸ್ಪತ್ರೆ, ಕೆಲಸ ಹುಡುಕಿದ ತಾಣ, ಮದುವೆ ಸಂಬಂಧದ ತಾಣ ಎಲ್ಲವೂ ಅದರಲ್ಲಿರುತ್ತವೆ. ಲಿಂಕು ಇದ್ದವರು ಯಾರು ಬೇಕಾದರೂ ತೆರೆಯಬಹುದು ಎಂದು ಬಿಟ್ಟ ಗೂಗಲ್ ಡಾಕ್ಸ್ ಕಡತಗಳ ವಿಳಾಸಗಳೂ ಇರುತ್ತವೆ. ಆ ವಿಳಾಸ ಕೊಟ್ಟರೆ ಕಡತವನ್ನೇ ಕೊಟ್ಟಂತೆ. ಆ ಸಾಲುಗಳನ್ನು ಅಳಿಸಿ, ಉಳಿದದ್ದನ್ನು ಕಳಿಸಿ.

ಇತಿ,
ನಿಮ್ಮಂತೆಯೇ ಲಿಂಕು ಕೂಡಿಡುವ ಮಂಗಳೂರಿಗರೊಬ್ಬರು